ಫೋಲ್ಡರ್ ಒಪ್ಪ ಮಾಡಲು ಹೋಗಿ

“ಸರ, ನಿಮ್ಮ ಸಾಫ್ಟ್‌ವೇರ್ ಓಪನ್ ಆಗವಲ್ದರಿ!”

ಮೊನ್ನೆ ಮಧ್ಯಾಹ್ನ ಜೇವರ್ಗಿಯಿಂದ ಮಹಾದೇವಿಯವರ ಫೋನು. ಇಲ್ಲೇ ಆಳಂದದಲ್ಲಿ ಟೇಲರಿಂಗ್ ಅಂಗಡಿ ಇಟ್ಟಿದ್ದವರು, ಈಗ ಅಂಗಡಿಯನ್ನು ಜೇವರ್ಗಿಗೆ ಬದಲಿಸಿದ್ದಾರೆ. ಗಿರಾಕಿಗಳ ಅಳತೆ, ರವಿಕೆ ಕಟಿಂಗಿನ ನಕ್ಷೆಗಳನ್ನು ಇಟ್ಟುಕೊಳ್ಳಲು ಅವರಿಗೆ ಸಾಫ್ಟ್‌ವೇರ್ ಬರೆದುಕೊಟ್ಟವನು ನಾನು. ವಿಂಡೋಸ್, ಲಿನಕ್ಸ್ ಎರಡರಲ್ಲೂ ಓಡುತ್ತದೆ. (ಓಡುತ್ತಿತ್ತು ಅನ್ನಿ.)

ಅದರ ಫೋಲ್ಡರ್ ತೆರೆದರೆ ಮಾತ್ರ ಸಂತೆ. ರಾಶಿ ಫೈಲುಗಳು, ವಿಚಿತ್ರ ಹೆಸರುಗಳು. ನನಗೋ ಗಲೀಜು ಕಂಡರೆ ಮೈ ಉರಿಯುತ್ತದೆ. (ನನ್ನ ಕಪಾಟಿನ ವಿಷಯ ಮನೆಯವರನ್ನು ಕೇಳಬೇಡಿ.) ಹೋದ ತಿಂಗಳು ಹೊಸ ವರ್ಷನ್ ಕೊಡುವಾಗ ನಕ್ಷೆಗಳ ಸಮೇತ ಎಲ್ಲವನ್ನೂ ಒಳಗಿನ ಒಂದು ಫೋಲ್ಡರಿಗೆ ತುರುಕಿದೆ. ಹೊರಗೆ ಕತ್ತರಿ ಚಿತ್ರದ ಎರಡೇ ಐಕಾನ್: ವಿಂಡೋಸಿಗೊಂದು, ಲಿನಕ್ಸಿಗೊಂದು. ನೋಡಿ ನೋಡಿ ಖುಷಿಪಟ್ಟೆ.

“ಫೋಲ್ಡರ್ ಪೂರಾ ಕಾಪಿ ಮಾಡೀರೇನ್ರಿ?”

“ಪೂರಾ ಯಾಕ್ರಿ? ಕತ್ರಿ ಚಿತ್ರ ಅವಲ್ರಿ, ಅಷ್ಟೇ ಪೆನ್‌ಡ್ರೈವ್‌ನ್ಯಾಗ ತಂದೇನಿ.”

ಆ ಐಕಾನ್‌ಗಳು ಬರೀ ಬಾಗಿಲು, ನಕ್ಷೆಗಳೆಲ್ಲ ಒಳಗಿನ ಫೋಲ್ಡರಿನಲ್ಲೇ ಉಳಿದಿದ್ದವು. “ಹಳೇ ಕಂಪ್ಯೂಟರ್ ಎಲ್ಲೈತ್ರಿ?”

“ಅಫಜಲಪುರದ ಕಂಪ್ಯೂಟರ್ ಅಂಗಡಿಯವರಿಗೆ ಮಾರಿದ್ವಿ. ಇವತ್ತು ಫಾರ್ಮ್ಯಾಟ್ ಹೊಡೀತಾರಂತ.”

ಫಾರ್ಮ್ಯಾಟ್ ಅಂದರೆ ಒಳಗಿರುವುದೆಲ್ಲ ಸಾಫ್! ಮಹಾದೇವಿಯವರು ವರ್ಷಗಟ್ಟಲೆ ಕೂತು, ಒಂದೊಂದನ್ನೂ ತಿದ್ದಿ ತಿದ್ದಿ ಮಾಡಿದ ನಕ್ಷೆಗಳು. ಬೇರೆಲ್ಲೂ ಕಾಪಿ ಇಲ್ಲ. ಆಕೆಯ ಹೊಟ್ಟೆಪಾಡೇ ಅದು.

ನಂಬರ್ ಇಸಿದುಕೊಂಡು ಅಂಗಡಿಗೆ ಫೋನ್ ಹಚ್ಚಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದೆ. ಎಂಗೇಜ್. ಈ ಹೊತ್ತಿನಲ್ಲಿ ಯಾರ ಹತ್ತಿರ ಹರಟೆ? ಕೊನೆಗೂ ಅಂಗಡಿಯವನು ಎತ್ತಿದ.

“ಆಳಂದದ ಟೇಲರ್ ಅಕ್ಕಾರ ಕಂಪ್ಯೂಟರ್ ಫಾರ್ಮ್ಯಾಟ್ ಆತೇನ್ರಿ?”

“ಇನ್ನೂ ಇಲ್ರಿ, ಊಟ ಮಾಡಾಕತ್ತೇನಿ. ಕೈ ತೊಳ್ಕೊಂಡು ಹೊಡೀತೇನಿ. ಎಷ್ಟು ಅವಸರ ಮಾಡ್ತೀರಿ!”

“ಯಪ್ಪಾ, ಹೊಡೀಬ್ಯಾಡ್ರಿ!”

ನಾನು ಕಿರುಚಿದ್ದಕ್ಕೆ ಅಡುಗೆಮನೆಯಿಂದ ಹೆಂಡತಿ ಓಡಿಬಂದಳು. ನಕ್ಷೆಗಳು ಉಳಿದವು. ಜೀವ ಬಂದಂತಾಯಿತು, ಹಿಂದೆಯೇ ಸಿಟ್ಟೂ ಬಂತು. ಮಹಾದೇವಿಯವರಿಗೆ ಫೋನ್ ಮಾಡಿ ರೇಗಿದೆ.

“ಮೊದ್ಲೆಲ್ಲಾ ಕಂಪ್ಯೂಟರ್ ಬದ್ಲಿ ಮಾಡಿದಾಗ ಫೋಲ್ಡರ್ ಪೂರಾ ಕಾಪಿ ಮಾಡ್ತಿದ್ರಲ್ರಿ. ಈ ಸಲ ಏನಾಗಿತ್ತು ನಿಮಗ?”

“ಮೊದ್ಲ ಯಾವುದು ಬೇಕು, ಯಾವುದು ಬ್ಯಾಡ ತಿಳೀತಿದ್ದಿಲ್ರಿ. ಅಂಜಿ ಎಲ್ಲಾನೂ ಒಯ್ತಿದ್ದೆ. ಬೇಕಾದದ್ದು ಇಷ್ಟೇ ಅಂತ ಮುಂದ ಇಟ್ಟು ಧೈರ್ಯ ಕೊಟ್ಟೋರು ನೀವೇ ಅಲ್ರಿ?”

ಫೋನಿಟ್ಟು, ನನ್ನ ಕಂಪ್ಯೂಟರಿನಲ್ಲಿ ಆ ಎರಡು ಕತ್ತರಿಗಳನ್ನು ಮತ್ತೊಮ್ಮೆ ನೋಡಿದೆ.

ನೀವೇ ಹೇಳಿ, ನಾನು ಒಪ್ಪ ಮಾಡಿದ್ದು ಯಾರಿಗಾಗಿ?