ಡಿಸ್ಕ್ ಬದಲಿಸುವ ಅರ್ಮಾಂಡ್

ವೂಸ್ಟರ್ ಪಟ್ಟಣದ ಸುತ್ತಲಿನ ಗಿರಣಿಗಳಲ್ಲಿ ಬೀರುವಿನಷ್ಟು ದೊಡ್ಡ ಹಳೆಯ ಮಿನಿಕಂಪ್ಯೂಟರುಗಳು ಇನ್ನೂ ಓಡುತ್ತಿದ್ದರೆ ಅದು ಅರ್ಮಾಂಡ್ ಲವಾಲಿಯ ಕೈಗುಣ. ಅವುಗಳ ಲೆಕ್ಕವೆಲ್ಲ ತುಂಬಿಡುವ ಡಿಸ್ಕು ಹಳತಾದಾಗ ಬದಲಿಸುವುದು ಅವನ ಕೆಲಸ. ಚಳಿಗಾಲದಲ್ಲಿ ಹೊಸ ಡಿಸ್ಕನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟು ಬಿಗಿದು, ಹೀಟರನ್ನು ಅದರತ್ತ ತಿರುಗಿಸುತ್ತಾನೆ. ಹೆಂಡತಿ ಕ್ಲೋಡೆಟ್ ಹಿಂದೆ ಕೂರುತ್ತಾಳೆ. "ನಾನೂ ಡಿಸ್ಕಿನ ಹಾಗೆ ಗಿರಗಿರ ತಿರುಗಿದ್ರೆ ನಂಗೂ ಶಾಖ ಸಿಗ್ತಿತ್ತೇನೋ" ಎಂಬ ಅವಳ ಮಾತಿಗೆ ಅವನು ಹೌದೆಂದು ತಲೆಯಾಡಿಸುತ್ತಾನೆ. ಗಿರಣಿ ತಲುಪಿದ ಮೇಲೂ ಡಿಸ್ಕು ಕೋಣೆಯ ಬಿಸಿಗೆ ಒಗ್ಗುವವರೆಗೆ ಪೆಟ್ಟಿಗೆ ಬಿಚ್ಚುವುದಿಲ್ಲ. ಬಿಚ್ಚಿ ಜೋಡಿಸಿದರೂ ಅದರ ಕಾಲು ಭಾಗವನ್ನಷ್ಟೇ ಬಳಕೆಗೆ ಬಿಡುತ್ತಾನೆ. "ಇಷ್ಟು ದೊಡ್ಡದು ತಂದು ಮುಕ್ಕಾಲು ಪಾಲು ಬೀಗ ಹಾಕ್ತೀಯಲ್ಲೋ ಮಾರಾಯ" ಎಂದು ಉಣ್ಣೆ ಗಿರಣಿಯ ಮೇಲ್ವಿಚಾರಕ ಪ್ರೆಂಟಿಸ್ ಕೆಣಕಿದರೆ ಉತ್ತರ ಸಿದ್ಧ: "ಈ ಮುದುಕ ಮಿಷನ್ನಿಗೆ ಎಣಿಕೆ ಬರೋದು ಆ ಕಾಲು ಪಾಲಿನವರೆಗೆ ಅಷ್ಟೇ. ದಾಟಿದ್ರೆ ಮತ್ತೆ ಸೊನ್ನೆಯಿಂದ ಎಣಿಸ್ತಾನೆ, ಮೊದಲು ಬರೆದಿದ್ದರ ಮೇಲೇ ಬರೀತಾನೆ. ಆಮೇಲೆ ನಿನ್ನ ನೀಲಿ ಕಂಬಳಿ ಯಾವ ಬಣ್ಣಕ್ಕೆ ಬರುತ್ತೋ ನೋಡ್ಕೋ." ಗಿರಣಿಯ ಬಣ್ಣ ಬೆರೆಸುವ ಅಳತೆಗಳೆಲ್ಲ ಇರುವುದು ಹಳೆಯ ಡಿಸ್ಕಿನಲ್ಲಿ ಮಾತ್ರ, ಅವನ್ನು ಕಂಡುಹಿಡಿದ ಬಣ್ಣಗಾರ ತೀರಿಕೊಂಡಿದ್ದಾನೆ. ವರ್ಷಗಟ್ಟಲೆ ತಿರುಗಿದ ಡಿಸ್ಕು ಒಮ್ಮೆ ನಿಂತರೆ ಮತ್ತೆ ತಿರುಗುವ ಭರವಸೆಯಿಲ್ಲ. ಹಾಗಾಗಿ ಅಳತೆಗಳೆಲ್ಲ ಹೊಸ ಡಿಸ್ಕಿಗೆ ನಕಲಾಗಿ, ಒಂದೊಂದನ್ನೂ ತಾಳೆ ನೋಡುವವರೆಗೆ ಅದನ್ನು ಆರಿಸಲು ಯಾರಿಗೂ ಬಿಡುವುದಿಲ್ಲ. ತಾಳೆ ಸರಿಹೋದ ಮೇಲೂ ಗುಂಡಿಯನ್ನು ತಾನು ಒತ್ತುವುದಿಲ್ಲ. ಆ ಕೋಣೆಯಲ್ಲಿ ಎಲ್ಲರಿಗಿಂತ ಹೆಚ್ಚು ಕಾಲ ದುಡಿದವರನ್ನು ಕರೆಯುತ್ತಾನೆ. ಈ ಉಣ್ಣೆ ಗಿರಣಿಯಲ್ಲಿ ಅದು ರೂತ್, ಬಣ್ಣಗಾರ ಹೇಳಿದ ಅಳತೆಗಳನ್ನೆಲ್ಲ ಪಕ್ಕದಲ್ಲಿ ಕೂತು ಟೈಪು ಮಾಡಿದವಳು. "ನೀನೇ ಆರಿಸಮ್ಮ. ಅವನು ಹೇಳಿದ್ದೆಲ್ಲ ಇತ್ತ ಬಂದಿದೆ, ನೋಡಿದೀನಿ" ಎನ್ನುತ್ತಾನೆ. ಅವಳು ಒತ್ತಿದ ಮೇಲೆ, ಹಳೆಯ ಡಿಸ್ಕಿನೊಳಗೆ ತಿರುಗುವ ತಟ್ಟೆಗಳು ನಿಧಾನವಾಗಿ ನಿಲ್ಲುವವರೆಗೆ, ಅರ್ಮಾಂಡ್ ಯಂತ್ರದ ಮೇಲೆ ಅಂಗೈಯಿಟ್ಟು ನಿಂತಿರುತ್ತಾನೆ.