ದಾರದಕ್ಕ ಹೊಲಿಯದೆ ಬಿಟ್ಟ ಎರಡು ದಳ

ಟಕ್. ಸ್ವಲ್ಪ ಬಿಟ್ಟು ಮತ್ತೊಂದು ಟಕ್. ಬೆಳಗಿನ ಐದು ಗಂಟೆ. ಅಂಧ ಮಕ್ಕಳ ಶಾಲೆಯ ಹಿಂಬದಿ ಕೋಣೆಯಲ್ಲಿ ದಾರದಕ್ಕ ದಪ್ಪ ರಟ್ಟಿಗೆ ದಬ್ಬಣ ಚುಚ್ಚುತ್ತಿದ್ದಾರೆ.

ನಡುವೆ ಒಂದು ಮೊಳೆ, ಅದೇ ಕೇಂದ್ರ. ಲೆಕ್ಕದ ಮೇಷ್ಟ್ರು ಕೊಟ್ಟ ಪಟ್ಟಿ ನೋಡಿ ಕೋನ ಹಿಡಿಯುತ್ತಾರೆ, ಕೇಂದ್ರದಿಂದ ದೂರ ಅಳೆಯುತ್ತಾರೆ, ಚುಚ್ಚುತ್ತಾರೆ. ಹದಿನೈದು ಡಿಗ್ರಿಗೊಂದು ಗುರುತು. ಆಮೇಲೆ ಗುರುತುಗಳ ಮೇಲೆ ದಾರ ಹೊಲಿದರೆ ವಕ್ರರೇಖೆ ಬೆರಳಿಗೆ ಸಿಗುತ್ತದೆ. ದಿನಕ್ಕೆ ಒಂಬತ್ತು ರಟ್ಟು.

"ನಾನು ಏಳನೇ ಕ್ಲಾಸು. ಬಟ್ಟೆ ಹೊಲೀತಿದ್ದೋಳು. ಕೋನ ಅಂದ್ರೆ ಅಂಗಿ ಕಾಲರ್ ಅಷ್ಟೇ ಗೊತ್ತಿತ್ತು," ಎಂದು ನಗುತ್ತಾರೆ. ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಹೋದ ವರ್ಷದ ಪರೀಕ್ಷೆಗೆ ನಾಲ್ಕು ದಳದ ಹೂವೊಂದರ ರೇಖೆ ಬೇಕಿತ್ತು. ಮೇಷ್ಟ್ರು ರಜೆಯಲ್ಲಿದ್ದರು. ಎಷ್ಟು ದಳ ಎಂದು ಪಟ್ಟಿಯಲ್ಲಿರಲಿಲ್ಲ, ಅಂಕಿಗಳಷ್ಟೇ ಇದ್ದವು: ಕೋನ ಅರವತ್ತು, ದೂರ ಮೈನಸ್ ನಾಲ್ಕು.

"ಸೊನ್ನೆಗಿಂತ ಕಡಿಮೆ ದೂರ ಎಲ್ಲಾದ್ರೂ ಇರತ್ತಾ? ಮೈನಸ್ ಇದ್ದದ್ದನ್ನೆಲ್ಲ ಬಿಟ್ಟೆ. ಎರಡು ದಳ ಬಂತು. ಚೆನ್ನಾಗೇ ಕಾಣ್ತಿತ್ತು."

ಮೈನಸ್ ಎಂದರೆ ಅದೇ ಗೆರೆಯಲ್ಲಿ ಕೇಂದ್ರ ದಾಟಿ ಹಿಂದಕ್ಕೆ ಹೋಗಬೇಕು. ಉಳಿದೆರಡು ದಳ ಹುಟ್ಟುವುದೇ ಹಾಗೆ. ಇದನ್ನು ಮೇಷ್ಟ್ರು ಬಂದು ಹೇಳುವಷ್ಟರಲ್ಲಿ ಫಲಿತಾಂಶ ಬಂದಾಗಿತ್ತು. ಒಬ್ಬ ಹುಡುಗಿ ಮೂರು ಅಂಕಕ್ಕೆ ನಪಾಸಾಗಿದ್ದಳು. ದಳ ಎಣಿಸುವ ಪ್ರಶ್ನೆಗೆ ಐದು ಅಂಕವಿತ್ತು.

ದಾರದಕ್ಕ ಮುಖ್ಯೋಪಾಧ್ಯಾಯರ ಬಳಿ ಹೋಗಿ ಒಪ್ಪಿಕೊಂಡರು. "ಆದದ್ದಾಯ್ತು, ಇನ್ನು ಕೆದಕಬೇಡಿ," ಎಂದು ಅವರು ಕಡತ ಮುಚ್ಚಿದರು.

ಇದನ್ನು ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಎರಡು ಸಲ ಕೇಳುತ್ತೇನೆ. "ಬರೀರಿ. ನನ್ನಂಥೋಳು ಇನ್ನೆಲ್ಲೋ ಒಬ್ಬಳು ಇದ್ರೆ, ಮೈನಸ್ ಬಿಡದೆ ಹೊಲೀಲಿ. ಅಷ್ಟು ಸಾಕು."

ಹುಡುಗಿ ಈ ವರ್ಷ ಮತ್ತೆ ಪರೀಕ್ಷೆಗೆ ಕೂರುತ್ತಿದ್ದಾಳೆ. ಅವಳಿಗೆ ಗೊತ್ತೇ?

"ನಾನೇ ಹೇಳ್ದೆ. ಬೈದಿದ್ರೆ ಚೆನ್ನಾಗಿತ್ತು."

ಹುಡುಗಿ ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತಿದ್ದಾಳೆ. "ಲೆಕ್ಕ ಮಾಡ್ದಾಗ ನಂಗೆ ನಾಲ್ಕೇ ಬಂದಿತ್ತು. ಬೆರಳಿಗೆ ಎರಡೇ ಸಿಕ್ತು. ಅಕ್ಕನ ದಾರ ತಪ್ಪಲ್ಲ ಅಂತ, ಉತ್ತರ ಬರ್ಕೊಡೋರ ಕೈಲಿ ನಾಲ್ಕು ಹೊಡೆದುಹಾಕಿಸಿ ಎರಡು ಅಂತ ಬರೆಸ್ದೆ."

ಮನೆಯಲ್ಲಿ ಹೇಳಿದೆಯಾ?

"ದಡ್ಡಿ ಅಂತಲೇ ಅಂದ್ಕೊಂಡಿರ್ಲಿ ಬಿಡಿ. ಶಾಲೆದೇ ತಪ್ಪು ಅಂತ ಗೊತ್ತಾದ್ರೆ ನಾಳೆನೇ ಬಂದು ಕರ್ಕೊಂಡು ಹೋಗ್ತಾರೆ. ಅಪ್ಪಂಗೂ ಹೇಳಲ್ಲ, ಅಮ್ಮಂಗೂ ಹೇಳಲ್ಲ. ಯಾರಿಗೂ ಹೇಳಲ್ಲ."