ಉಸಿರೆಳೆಯುವ ಗಾದಿಗೆ ಕೊನೆಯ ಟಾಕಿ

ಗಿಣಿಗೇರಾದಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿದವರು ಕಣ್ಣುಜ್ಜಿಕೊಳ್ಳುತ್ತ ಬರುತ್ತಿದ್ದಾರೆ, ಬೆಳಗಿನ ಪಾಳಿಯವರು ಬುತ್ತಿ ಹಿಡಿದು ಹೊರಟಿದ್ದಾರೆ. ಓಣಿಯ ಮೂಲೆಮನೆಯ ಪಡಸಾಲೆಯಲ್ಲಿ ಇಮಾಮಬಾನು ನದಾಫ ಒಂದು ಚಪ್ಪಟೆ ದಿಂಬಿನ ಮುಂದೆ ಕುಳಿತು, ಅದರ ಮೂಲೆಯ ಪುಟ್ಟ ಬಿರಡೆಯನ್ನು ತಿರುಗಿಸುತ್ತಾರೆ. ಸುಯ್ ಎಂದು ಸಣ್ಣ ಸದ್ದು. ದಿಂಬು ತಾನಾಗಿಯೇ ಮೆಲ್ಲಗೆ ಮೇಲೇಳತೊಡಗುತ್ತದೆ. ಪಂಪಿಲ್ಲ, ಬಾಯಿಂದ ಊದುವ ಮಾತಂತೂ ಇಲ್ಲವೇ ಇಲ್ಲ. ಬಾಯಿಯ ತೇವ ತಾಗಿದರೆ ಒಳಗಿನ ಫೋಮ್ ಬೂಷ್ಟು ಹಿಡಿಯುತ್ತದೆ.

‘ಇದನ್ನ ಎಬ್ಬಿಸಬಾರದ್ರಿ, ತಾನ ಏಳತೈತಿ. ನಾವು ಬಾಗಲಾ ತಗದು ಸುಮ್ನ ಕುಂದರಬೇಕು’ ಎನ್ನುತ್ತಾರೆ ಅವರು, ತೊಟ್ಟಿಲಲ್ಲಿ ಮಲಗಿದ ಕೂಸಿನ ಬಗ್ಗೆ ಹೇಳುವ ದನಿಯಲ್ಲಿ.

ಒಳಗೆ ಫೋಮ್, ಅದಕ್ಕೆ ಅಂಟಿಕೊಂಡಂತೆ ಸುತ್ತಲೂ ಗಾಳಿ ನುಸುಳದ ಬಟ್ಟೆ. ಅಂಚನ್ನು ಇಸ್ತ್ರಿಪೆಟ್ಟಿಗೆಯ ಕಾವಿಗೆ ಬೆಸೆಯುತ್ತಾರೆ. ಮಡಿಸಿಟ್ಟ ಫೋಮ್ ಹಿಗ್ಗುವಾಗ ಗಾಳಿಯನ್ನು ಎಳೆದುಕೊಳ್ಳುತ್ತದೆ. ಮೇಲೆ ಕುಳಿತ ಬಳಿಕ ಬಿರಡೆ ಸಡಿಲಿಸಿ, ಬೇಡದಷ್ಟು ಗಾಳಿ ಬಿಟ್ಟು ಮುಚ್ಚಿದರೆ ದಿಂಬು ಕುಳಿತವರ ಮೈಗೆ ಒಪ್ಪಿ ನಿಲ್ಲುತ್ತದೆ. ಗಾಲಿಕುರ್ಚಿಯವರು, ಹಾಸಿಗೆ ಹಿಡಿದವರು, ಇವರೇ ಇಮಾಮಬಾನು ಅವರ ಗಿರಾಕಿಗಳು. ಈ ಬೆಳಗಿನ ದಿಂಬು ಮಾತ್ರ ಮೊದಲ ಗಿರಾಕಿ ಶರಣಬಸವ ಅವರದು, ಮತ್ತು ಇದರ ಬಗ್ಗೆ ಇಮಾಮಬಾನುಗೆ ಎಲ್ಲಿಲ್ಲದ ಅಂಜಿಕೆ.

ಅವರದು ಬೇವೂರು ಕಡೆಯಿಂದ ಬಂದ ನದಾಫರ ಮನೆತನ. ತಂದೆ ಬಾಬಾಸಾಬ ಅರಳೆ ಹಿಂಜುವ ಬಿಲ್ಲು ಹೆಗಲಿಗೇರಿಸಿ ಯಲಬುರ್ಗಾ, ಕುಷ್ಟಗಿಯ ಹಳ್ಳಿಹಳ್ಳಿ ತಿರುಗಿ ಗಾದಿ ಹೊಲಿದವರು. ಕೊನೆಗೆ ನಡುಮಧ್ಯದಲ್ಲಿ ಒಂದು ಟಾಕಿ, ಅಂದರೆ ಆರಪಾರ ಹೊಲಿಗೆ, ಹಾಕಿ, ಗಂಟು ಬಿಗಿದ ಮೇಲೆಯೇ ಗಾದಿ ಮನೆ ಬಿಡಬೇಕು ಎಂಬುದು ಅವರ ಕಟ್ಟಳೆ. ಇಲ್ಲದಿದ್ದರೆ ಅರಳೆ ಸರಿದು ಗಂಟಾಗುತ್ತದೆ, ಮಲಗಿದವರ ಬೆನ್ನು ಹಿಡಿಯುತ್ತದೆ. ಆಮೇಲೆ ಅಂಗಡಿಗಳಿಗೆ ಲಾರಿಗಟ್ಟಲೆ ಸಿದ್ಧ ಗಾದಿ ಬಂದವು. ಬಿಲ್ಲು ಅಟ್ಟ ಸೇರಿತು. ಮಗಳ ಕೈಯಲ್ಲಿ ಸೂಜಿಯೊಂದು ಉಳಿಯಿತು.

ಆ ಸೂಜಿಯ ಹೆಸರು ಕೇಳಿಕೊಂಡೇ ಕವಿತಾ ಬಂದದ್ದು. ಆಕೆಯ ಗಂಡ ಶರಣಬಸವ ಹೆದ್ದಾರಿ ಬದಿಯ ಪಂಕ್ಚರ್ ಅಂಗಡಿಯವರು. ತಗಡು ಹೊದಿಸಲು ಅಂಗಡಿಯ ಮಾಡು ಹತ್ತಿದವರು ಜಾರಿ ಬಿದ್ದರು. ಸೊಂಟದಿಂದ ಕೆಳಗೆ ಏನೂ ತಿಳಿಯದಾಯಿತು. ಕುಳಿತಲ್ಲೇ ಹುಣ್ಣಾದರೂ ಅವರಿಗೆ ಗೊತ್ತಾಗುವುದಿಲ್ಲ. ಅಂಗವಿಕಲರ ಶಿಬಿರದಲ್ಲಿ ಕೊಟ್ಟ ಇಂಥದೇ ದಿಂಬೊಂದು ಹರಿದು ಮೂಲೆ ಸೇರಿತ್ತು. ಅದನ್ನು ಬಿಚ್ಚಿ, ಹೊರಳಿಸಿ, ಹಲವು ಬಟ್ಟೆ ಸುಟ್ಟು ಹಾಳುಮಾಡಿ, ಇಮಾಮಬಾನು ಹೊಸದೊಂದನ್ನು ಮಾಡಿಯೇ ಬಿಟ್ಟರು. ರಾತ್ರಿಯೆಲ್ಲ ಗಾಳಿ ಹಿಡಿದು ನಿಂತಿತು. ಬೆಳಿಗ್ಗೆ ಮನೆ ದಾಟಿಸುವ ಮುನ್ನ, ಯೋಚನೆಗೆ ಮೊದಲೇ ಕೈ ಓಡಿ, ನಡುಮಧ್ಯದಲ್ಲಿ ಕೊನೆಯ ಟಾಕಿ ಹಾಕಿಬಿಟ್ಟಿತು.

ಗಾಳಿ ಸೂಜಿತೂತಿನಿಂದ ಸದ್ದಿಲ್ಲದೆ ಸೋರಿತು. ಶರಣಬಸವ ದಿನವಿಡೀ ಬರಿ ಹಲಗೆಯ ಮೇಲೆ ಕುಳಿತಂತೆಯೇ ಆಯಿತು. ಮಾಯುತ್ತಿದ್ದ ಹುಣ್ಣು ಮತ್ತೆ ಬಾಯಿಬಿಟ್ಟಿತು. ಮಳೆಗಾಲ ಪೂರ್ತಿ ಬೋರಲು ಮಲಗಬೇಕೆಂದರು ಡಾಕ್ಟರು, ಅಂಗಡಿಗೆ ಬೀಗ ಬಿತ್ತು.

ತಪ್ಪು ಕಂಡುಹಿಡಿದವರೂ ಶರಣಬಸವ ಅವರೇ. ಮಂಚದ ಮೇಲೆ ಬೋರಲು ಮಲಗಿ, ಕೈ ಕೆಳಗಿಳಿಸಿ, ಪಂಕ್ಚರ್ ನೋಡುವ ತೊಟ್ಟಿಯಲ್ಲಿ ದಿಂಬು ಅದ್ದಿದರು. ಟಾಕಿಯ ಬುಡದಿಂದ ಗುಳ್ಳೆ ಎದ್ದವು. ಇಮಾಮಬಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಶರಣಬಸವ ಬೈಯಲಿಲ್ಲ. ‘ಬಾನಕ್ಕ, ಟಯರಿಗೆ ಯಾರರ ಸೂಜಿ ಹಾಕ್ತಾರೇನ್ರಿ? ಅಳೋದು ಬಿಡ್ರಿ. ಇನ್ನ ಮ್ಯಾಲ ನೀವು ಮಾಡಿದ್ದೆಲ್ಲಾ ನನ್ನ ತೊಟ್ಟ್ಯಾಗ ಮುಳುಗೆದ್ದ ಹೋಗ್ಲಿ’ ಎಂದರಂತೆ. ಅಂದಿನಿಂದ ಗಂಗಾವತಿಗೆ, ಕುಷ್ಟಗಿಗೆ ಹೋಗುವ ಪ್ರತಿ ದಿಂಬೂ ಆ ತೊಟ್ಟಿಯ ನೀರು ಕಂಡೇ ಹೋಗುತ್ತದೆ. ಮಲಗಿದ್ದವರಿಗೂ ಅದೊಂದು ಕೆಲಸವಾಯಿತು. ಇಂಥ ದೊಡ್ಡ ಮನಸ್ಸು ಕಂಡಾಗ ಎದೆ ತುಂಬಿ ಬರುತ್ತದೆ.

ಹುಣ್ಣು ಈಗ ಮಾಯ್ದಿದೆ. ಅರ್ಧ ದಿನ ಕೂತು ನೋಡಿ ಎಂದಿದ್ದಾರೆ ಡಾಕ್ಟರು. ಬಿಸಿಲೇರುವ ಹೊತ್ತಿಗೆ ಶರಣಬಸವ ತಮ್ಮ ಅಂಗಡಿಯ ಮುಂದೆ, ಗಾಲಿಕುರ್ಚಿಯಲ್ಲಿ ಹೊಸ ದಿಂಬಿನ ಮೇಲೆ ಕುಳಿತು, ಒಂದು ಬೈಕಿನ ಟ್ಯೂಬನ್ನು ತೊಡೆಯ ಮೇಲೆ ಹರವಿಕೊಂಡಿದ್ದಾರೆ. ಪರಗಂಡಸಿನ ಕೆಳಗೆ ಕೈಹಾಕಿ ನೋಡುವುದು ಇಮಾಮಬಾನುಗೆ ಆಗದ ಮಾತು. ಅದಕ್ಕೆ ಕವಿತಾಳ ಕೈಗೆ ವಿದ್ಯೆ ಕಲಿಸಿದ್ದಾರೆ. ಎಲುಬಿಗೂ ಕುರ್ಚಿಯ ಹಲಗೆಗೂ ನಡುವೆ ಒಂದು ಬೆರಳಿನಷ್ಟು ಮೆತ್ತಗೆ ಉಳಿದಿರಬೇಕು. ತಾವು ಮಾತ್ರ ತುಸು ದೂರದ ಸ್ಟೂಲಿನ ಮೇಲೆ ಕುಳಿತಿದ್ದಾರೆ. ಕೊಟ್ಟ ಚಹಾ ಆರಿಹೋಗಿದೆ.

ನೆತ್ತಿಯ ಮೇಲೆ ಸೂರ್ಯ ಬಂದಾಗ ಕವಿತಾ ಗಂಡನಿಗೂ ದಿಂಬಿಗೂ ನಡುವೆ ಕೈ ಸೇರಿಸಿ ಒತ್ತಿ ನೋಡುತ್ತಾಳೆ.

‘ಐತ್ರಿ ಅಕ್ಕಾ. ಮುಂಜಾನಿ ಎಷ್ಟಿತ್ತೋ ಅಷ್ಟ ಐತಿ.’

ಇಮಾಮಬಾನು ಎದ್ದು ಬಂದು, ಸೆರಗಿನ ತುದಿಯಲ್ಲಿ ಚುಚ್ಚಿಕೊಂಡಿದ್ದ ಸೂಜಿ ತೆಗೆಯುತ್ತಾರೆ. ಶರಣಬಸವ ಟ್ಯೂಬ್ ಕೆಳಗಿಟ್ಟು, ‘ಬಾನಕ್ಕ, ಜ್ವಾಕಿ’ ಎನ್ನುತ್ತಾರೆ. ಇಮಾಮಬಾನು ನಕ್ಕು, ದಿಂಬಿಗೆ ಹೊದಿಸಿದ ಹೊರಗವಸಿನ ಅಂಚು ಕುರ್ಚಿಯಿಂದಾಚೆ ಜೋತುಬಿದ್ದಲ್ಲಿ, ಒಳಗಿನ ದಿಂಬಿಗೆ ತಾಗದಂತೆ, ಕೆಂಪು ದಾರದಲ್ಲಿ ಒಂದೇ ಒಂದು ಟಾಕಿ ಹಾಕಿ ಗಂಟು ಬಿಗಿಯುತ್ತಾರೆ.

‘ಅಪ್ಪಾರ ಟಾಕಿ ಬಿಡಾಕ ಆಗೂದಿಲ್ರಿ’ ಎನ್ನುತ್ತ ದಾರ ಕಡಿಯುತ್ತಾರೆ. ‘ಇಷ್ಟ ದಿನ ಇದನ್ನ ಹಾಕಿ ಮನಿಯಿಂದ ಕಳಸ್ತಿದ್ವಿ. ಇನ್ನ ಕುಂತಾವ್ರು ಛಲೋ ಅದಾರಂತ ನೋಡಿದ ಮ್ಯಾಲ ಹಾಕೂದು.’